ಓಡಿದ ಗಂಟೆ, ನಿಂತ ವರ್ಷ: ಸ್ವಂತ ವಿಮಾನಕ್ಕೆ ಹಳೆಯ ಎಂಜಿನ್ ಕೊಳ್ಳುವುದು

ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿಯೋ ಶಿವಾಜಿನಗರದ ಗುಜರಿಯಲ್ಲಿಯೋ ಹಳೆಯ ಕಾರಿನ ಎಂಜಿನ್ ಕೊಂಡು ರೂಢಿಯಿರುವ ಬೆಂಗಳೂರಿಗರು, ಮನೆಯ ಗ್ಯಾರೇಜಿನಲ್ಲಿ ತಾವೇ ಕಟ್ಟುತ್ತಿರುವ ಪುಟ್ಟ ವಿಮಾನಕ್ಕೆ ಬಳಸಿದ ಎಂಜಿನ್ ಹುಡುಕಲು ಹೊರಟಾಗ ಮೊದಲು ಕೇಳುವ ಮಾತು ‘ಎಷ್ಟು ಓಡಿದೆ?’ ಎಂಬುದು. ಕಾರಿನ ಮಟ್ಟಿಗೆ ಅದು ಸರಿಯಾದ ಪ್ರಶ್ನೆಯೇ. ವಿಮಾನದ ಪಿಸ್ಟನ್ ಎಂಜಿನ್ ವಿಷಯದಲ್ಲಿ ಮಾತ್ರ ಅದಕ್ಕಿಂತ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಎಷ್ಟು ವರ್ಷ ಓಡದೆ ನಿಂತಿತ್ತು, ನಿಂತಾಗ ಅದನ್ನು ಹೇಗೆ ಇಟ್ಟಿದ್ದರು? ಹೊಸ ಎಂಜಿನ್‌ನ ಬೆಲೆ ಎಷ್ಟೋ ಸಲ ವಿಮಾನದ ಉಳಿದ ಸಾಮಾನಿನ ಒಟ್ಟು ಬೆಲೆಗೆ ಸಮನಾಗುವುದರಿಂದ ಹಳೆಯದರತ್ತ ಕಣ್ಣು ಹೋಗುವುದು ಸಹಜ. ಆದರೆ ಆ ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ಕೊಂಡ ಎಂಜಿನ್ ಕೊನೆಗೆ ಹೊಸದಕ್ಕಿಂತ ದುಬಾರಿಯಾದ ಉದಾಹರಣೆಗಳನ್ನು ನಾನು ಕಂಡಿದ್ದೇನೆ.

ಈ ಊರಿಗೆ ಇಂಥ ಎಂಜಿನ್‌ಗಳು ಹೊಸವೇನಲ್ಲ. ಎಚ್‌ಎಎಲ್ ಕಟ್ಟಿ 1958ರಲ್ಲಿ ಮೊದಲು ಹಾರಿಸಿದ ಪುಷ್ಪಕ್ ವಿಮಾನದ ಮೂತಿಯಲ್ಲಿದ್ದದ್ದು 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನ ಪುಟ್ಟ ವಿಮಾನ ಹಂಸ-3ಕ್ಕೆ ಆಸ್ಟ್ರಿಯಾದ ರೋಟಾಕ್ಸ್ 914 ಇತ್ತು. 2021ರಲ್ಲಿ ಹಾರಿದ ಹಂಸ-ಎನ್‌ಜಿಗೆ ಅದೇ ಕಂಪನಿಯ 912ರ ಫ್ಯುಯೆಲ್ ಇಂಜೆಕ್ಷನ್ ಮಾದರಿ ಬಂತು. ತರಬೇತಿ ಶಾಲೆಗಳ ಸೆಸ್ನಾ 172ಗಳ ಮೂಲಕ ಅಮೆರಿಕದ ಲೈಕಮಿಂಗ್ ನಮ್ಮ ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ. ಮನೆಯಲ್ಲಿ ಕಟ್ಟುವ ಎರಡು ಆಸನದ ವಿಮಾನಗಳಿಗೆ ಸಾಮಾನ್ಯವಾಗಿ ಬರುವವೂ ಈ ಮೂರು ಮನೆತನಗಳವೇ: 100 ಅಶ್ವಶಕ್ತಿಯ ಕಾಂಟಿನೆಂಟಲ್ ಒ-200, 150 ಅಥವಾ 160 ಅಶ್ವಶಕ್ತಿಯ ಲೈಕಮಿಂಗ್ ಒ-320, 180ರ ಒ-360, ಮತ್ತು 80 ಅಥವಾ 100 ಅಶ್ವಶಕ್ತಿಯ ರೋಟಾಕ್ಸ್ 912. ಕಾರಿನ ಎಂಜಿನ್‌ಗಳನ್ನು ಮಾರ್ಪಡಿಸಿ ಕೂರಿಸುವವರೂ ಇದ್ದಾರೆ. ಅದು ಬೇರೆಯದೇ ಸಾಹಸ, ಇಲ್ಲಿ ಅದರ ಗೊಡವೆ ಬೇಡ.

ಎಷ್ಟು ಶಕ್ತಿಯ ಎಂಜಿನ್ ಬೇಕು ಎಂಬುದನ್ನು ನೀಲನಕ್ಷೆ ಮಾತ್ರ ನಿರ್ಧರಿಸುವುದಿಲ್ಲ, ಊರಿನ ಎತ್ತರವೂ ನಿರ್ಧರಿಸುತ್ತದೆ. ಜಕ್ಕೂರಿನ ರನ್‌ವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರದಲ್ಲಿ ಪ್ರಮಾಣಿತ ವಾತಾವರಣದ ಉಷ್ಣಾಂಶ 9 ಡಿಗ್ರಿ ಸೆಲ್ಸಿಯಸ್ ಎಂದು ಲೆಕ್ಕ. ಏಪ್ರಿಲ್ ಮಧ್ಯಾಹ್ನ ಇಲ್ಲಿ 34 ಡಿಗ್ರಿ ಇದ್ದರೆ, 25 ಡಿಗ್ರಿಗಳ ಆ ವ್ಯತ್ಯಾಸಕ್ಕೆ ಡಿಗ್ರಿಗೆ 120 ಅಡಿಯಂತೆ ಇನ್ನೂ 3,000 ಅಡಿ ಕೂಡಿಸಬೇಕು. ಅಂದರೆ ರೆಕ್ಕೆ, ಪ್ರೊಪೆಲರ್, ಎಂಜಿನ್ ಮೂರೂ ತಾವು 6,000 ಅಡಿ ಎತ್ತರದಲ್ಲಿ ಇದ್ದೇವೆ ಎಂಬಂತೆಯೇ ವರ್ತಿಸುತ್ತವೆ, ಮತ್ತು ಟರ್ಬೊ ಇಲ್ಲದ 100 ಅಶ್ವಶಕ್ತಿಯ ಎಂಜಿನ್ ಅಲ್ಲಿ ಕೊಡುವುದು 81ರ ಆಸುಪಾಸು ಮಾತ್ರ. ಸಮುದ್ರ ತೀರದ ಯಾವುದೋ ಊರಿನಲ್ಲಿ ಸಲೀಸಾಗಿ ಏರುವ ವಿನ್ಯಾಸ ಇಲ್ಲಿ ಬೇಸಿಗೆಯಲ್ಲಿ ಏದುಸಿರು ಬಿಡುವುದು ಇದೇ ಕಾರಣಕ್ಕೆ. ಹಾಗೆಂದು ಶಕ್ತಿಯ ಆಸೆಗೆ ದೊಡ್ಡ ಎಂಜಿನ್ ಕೂರಿಸಲು ಹೊರಟರೆ ತೂಕ ಅಡ್ಡ ಬರುತ್ತದೆ. ರೋಟಾಕ್ಸ್ 912ರ ತೂಕ 60 ಕಿಲೋ ಆಸುಪಾಸು ಇದ್ದರೆ ಒ-320ರದ್ದು ಸುಮಾರು 110 ಕಿಲೋ. ವಿನ್ಯಾಸಕಾರರು ಹೇಳಿದ ಶಕ್ತಿ ಮತ್ತು ತೂಕದ ಮಿತಿಯೊಳಗೆ ಇದ್ದುದರಲ್ಲಿ ಹೆಚ್ಚಿನದನ್ನು ಆರಿಸುವುದು ಬೆಂಗಳೂರಿನವರಿಗೆ ವಿವೇಕದ ದಾರಿ.

ಇನ್ನು ಗಂಟೆಗಳ ಲೆಕ್ಕ. ಪ್ರತಿ ಎಂಜಿನ್‌ಗೂ ಅದರ ತಯಾರಕರು ಎರಡು ಓವರ್‌ಹಾಲ್‌ಗಳ, ಅಂದರೆ ಎಂಜಿನ್ ಬಿಚ್ಚಿ ಸವೆದದ್ದನ್ನು ಸರಿಪಡಿಸಿ ಮತ್ತೆ ಜೋಡಿಸುವ ಕೆಲಸಗಳ, ನಡುವಿನ ಅವಧಿಯೊಂದನ್ನು ಸೂಚಿಸಿರುತ್ತಾರೆ. ಈ ಬಳಗದಲ್ಲಿ ಅದನ್ನು ಟಿಬಿಒ ಎನ್ನುತ್ತಾರೆ. ಒ-320 ಮತ್ತು ಒ-360ರ ಬಹುತೇಕ ಮಾದರಿಗಳಿಗೆ ಅದು 2,000 ಗಂಟೆ. ಮಾರುವವರ ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಸಂಖ್ಯೆ ಸಾಮಾನ್ಯವಾಗಿ ಎಸ್‌ಎಂಒಎಚ್, ಅಂದರೆ ಕಳೆದ ಪೂರ್ಣ ಓವರ್‌ಹಾಲ್ ಆದಮೇಲೆ ಓಡಿದ ಗಂಟೆ. ಅದರ ಪಕ್ಕದಲ್ಲಿ ಹುಟ್ಟಿನಿಂದ ಇಂದಿನವರೆಗೆ ಓಡಿದ ಒಟ್ಟು ಗಂಟೆಯೂ ಇರಬೇಕು. ಟಾಪ್ ಓವರ್‌ಹಾಲ್ ಎಂದು ಬರೆದಿದ್ದರೆ ಸಿಲಿಂಡರ್‌ಗಳನ್ನಷ್ಟೇ ಬಿಚ್ಚಿ ಸರಿಪಡಿಸಿದ್ದಾರೆ, ಎಂಜಿನ್ನಿನ ಹೊಟ್ಟೆಯ ಗೂಡಾದ ಕ್ರ್ಯಾಂಕ್‌ಕೇಸ್ ತೆರೆದಿಲ್ಲ ಎಂದರ್ಥ. ಇದನ್ನು ಪೂರ್ಣ ಓವರ್‌ಹಾಲ್ ಎಂದು ತಿಳಿದು ಮೋಸಹೋದವರು ಬಹಳ. ಪೂರ್ಣ ಓವರ್‌ಹಾಲ್‌ನಲ್ಲಿಯೂ ಎರಡು ಅಂತಸ್ತುಗಳಿವೆ. ಭಾಗಗಳ ಅಳತೆ ಹೊಸ ಭಾಗದ ಮಿತಿಯೊಳಗೆ ಇರುವಂತೆ ಜೋಡಿಸಿದ್ದು ಒಂದು. ಸವೆದಿದ್ದರೂ ಬಳಕೆಗೆ ಒಪ್ಪುವ ಮಿತಿಯೊಳಗೆ ಇದೆ ಎಂದು ಹಾಗೇ ಜೋಡಿಸಿದ್ದು ಇನ್ನೊಂದು. ಎರಡೂ ನಿಯಮಬದ್ಧವೇ, ಎರಡರ ಬೆಲೆಯೂ ಒಂದೇ ಆಗಬಾರದು. ‘ಜೀರೊ ಟೈಮ್’ ಎಂಬ ಮಾತನ್ನಂತೂ ಎಚ್ಚರದಿಂದ ಕೇಳಬೇಕು. ಅಮೆರಿಕದ ನಿಯಮದ ಪ್ರಕಾರ ಹಳೆಯ ಗಂಟೆಗಳನ್ನು ಅಳಿಸಿ ಹೊಸ ಲಾಗ್‌ಬುಕ್ ತೆರೆಯುವ ಅಧಿಕಾರ ಎಂಜಿನ್ ತಯಾರಕರಿಗೆ ಅಥವಾ ಅವರು ಒಪ್ಪಿದ ಸಂಸ್ಥೆಗೆ ಮಾತ್ರ ಇದೆ. ಬೀದಿಯ ವರ್ಕ್‌ಶಾಪ್ ಎಷ್ಟೇ ಅಂದವಾಗಿ ಜೋಡಿಸಿದರೂ ಅದು ಓವರ್‌ಹಾಲ್ ಆದ ಹಳೆಯ ಎಂಜಿನ್ನೇ.

ಆ 2,000 ಗಂಟೆಗಳ ಪಕ್ಕದಲ್ಲೇ ತಯಾರಕರು ಬರೆದಿರುವ, ಮಾರುವವರು ಮಾತ್ರ ನುಂಗಿಬಿಡುವ, ಇನ್ನೊಂದು ಸಂಖ್ಯೆಯಿದೆ: ಲೈಕಮಿಂಗ್‌ಗೆ 12 ವರ್ಷ. ಗಂಟೆಗಳು ತುಂಬದಿದ್ದರೂ ಹನ್ನೆರಡು ವರ್ಷ ಕಳೆದರೆ ಓವರ್‌ಹಾಲ್ ಮಾಡಿಸಿ ಎಂಬುದು ಅದರ ಸೂಚನೆ. ಓಡದ ಎಂಜಿನ್‌ಗೆ ಏಕೆ ವಯಸ್ಸಾಗಬೇಕು ಎಂಬ ಸಂಶಯಕ್ಕೆ ಉತ್ತರ ಅದರ ಹೊಟ್ಟೆಯಲ್ಲೇ ಇದೆ. ಇಂಧನ ಉರಿದಾಗ ನೀರಿನ ಆವಿ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗುಗಳನ್ನು ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ, ಎಣ್ಣೆಯೊಂದಿಗೆ ಸೇರಿ ಆಮ್ಲವಾಗುತ್ತದೆ. ಎಣ್ಣೆ ಚೆನ್ನಾಗಿ ಕಾದು ಒಂದು ಗಂಟೆ ಹಾರಿದರೆ ಆ ತೇವ ಆವಿಯಾಗಿ ಹೊರಹೋಗುತ್ತದೆ. ನೆಲದ ಮೇಲೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ತೇವ ಹುಟ್ಟುತ್ತದೆ, ಹೊರಗೆ ಮಾತ್ರ ಹೋಗುವುದಿಲ್ಲ. ಎಣ್ಣೆಯ ಪದರ ದಿನಕಳೆದಂತೆ ಜಾರಿ ತಳಕ್ಕಿಳಿದ ಮೇಲೆ ಬರಿದಾದ ಉಕ್ಕಿನ ಮೇಲೆ ತುಕ್ಕು ಕೂರುತ್ತದೆ. ಹಗಲು ಬಿಸಿಲು, ರಾತ್ರಿ ತಂಪು ಇರುವ ನಮ್ಮ ಊರಿನ ತಗಡಿನ ಶೆಡ್ಡಿನಲ್ಲಿ ಲೋಹ ಬೆವರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರಿನ ಕಡೆಯಿಂದಲೋ ಫ್ಲಾರಿಡಾದಿಂದಲೋ ಬಂದ ಎಂಜಿನ್ ಆದರೆ ಉಪ್ಪಿನ ಗಾಳಿಯೂ ಸೇರಿಕೊಂಡಿರುತ್ತದೆ.

ಲೈಕಮಿಂಗ್‌ನಲ್ಲಿ ಇದರ ಪೆಟ್ಟು ಬೀಳುವುದು ಮುಖ್ಯವಾಗಿ ವಾಲ್ವ್ ತೆರೆಸುವ ಉಬ್ಬುಗಳಿರುವ ಕ್ಯಾಮ್‌ಶಾಫ್ಟ್ ಎಂಬ ದಂಡದ ಮೇಲೆ. ಕಾಂಟಿನೆಂಟಲ್‌ನಲ್ಲಿ ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟಿನ ಕೆಳಗಿದ್ದರೆ ಲೈಕಮಿಂಗ್‌ನಲ್ಲಿ ಅದು ಮೇಲಿದೆ. ಎಂಜಿನ್ ನಿಂತಾಗ ಎಣ್ಣೆ ಮೊದಲು ಬಿಟ್ಟುಹೋಗುವ ಎತ್ತರದ ಜಾಗ ಅದು. ಕ್ಯಾಮಿನ ಉಬ್ಬು ಮತ್ತು ಅದು ಒತ್ತುವ, ವಾಲ್ವ್ ಕಡೆಗೆ ತಳ್ಳು ದಾಟಿಸುವ ಟ್ಯಾಪೆಟ್ಟಿನ ಮುಖ ಅತಿ ಹೆಚ್ಚು ಒತ್ತಡದಲ್ಲಿ ಉಜ್ಜಾಡುವ ಭಾಗಗಳಾದ್ದರಿಂದ, ಅಲ್ಲಿ ಸೂಜಿಮೊನೆಯಷ್ಟು ತುಕ್ಕಿನ ಗುಳಿ ಬಿದ್ದರೂ ಮತ್ತೆ ಓಡಿಸಿದಾಗ ಅದರ ಅಂಚು ಕಿತ್ತು, ಗುಳಿ ಹಿಗ್ಗಿ, ಉಕ್ಕಿನ ಪುಡಿ ಎಣ್ಣೆಗೆ ಸೇರುತ್ತದೆ. ಬಹುತೇಕ ಒ-320 ಮತ್ತು ಒ-360ಗಳಲ್ಲಿ ಈ ಟ್ಯಾಪೆಟ್‌ಗಳನ್ನು ಕ್ರ್ಯಾಂಕ್‌ಕೇಸ್ ಎರಡು ಹೋಳು ಮಾಡದೆ ತೆಗೆಯಲು ಬರುವುದಿಲ್ಲ. ಕೇಸ್ ಹೋಳು ಮಾಡಿದ ಮೇಲೆ ಉಳಿದ ಕೆಲಸವೆಲ್ಲ ಹೆಚ್ಚುಕಡಿಮೆ ಪೂರ್ಣ ಓವರ್‌ಹಾಲೇ.

ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಜೊತೆ ನಗರದ ಹೊರವಲಯದ ಶೆಡ್ಡೊಂದರಲ್ಲಿ ಇಂಥ ಒಂದು ಒ-320 ನೋಡಲು ಹೋಗಿದ್ದೆ. ಬೂದು ಬಣ್ಣ ಬಳಿದು ಮಿರಮಿರ ಮಿಂಚುತ್ತಿತ್ತು. ಓವರ್‌ಹಾಲ್ ಆದಮೇಲೆ ಓಡಿದ್ದು 410 ಗಂಟೆ ಎಂದರು, ಲಾಗ್‌ಬುಕ್ಕೂ ಅದನ್ನೇ ಹೇಳಿತು. ಆದರೆ ಆ ಓವರ್‌ಹಾಲ್ ನಡೆದು 19 ವರ್ಷಗಳಾಗಿದ್ದವು, ಕೊನೆಯ ಹಾರಾಟದ ದಾಖಲೆ ಒಂಬತ್ತು ವರ್ಷ ಹಿಂದಿನದು. ಮೇಲಿನ ಸ್ಪಾರ್ಕ್ ಪ್ಲಗ್‌ಗಳ ಜಾಗದಲ್ಲಿ ತೇವ ಹೀರುವ ಹರಳು ತುಂಬಿದ ಪಾರದರ್ಶಕ ಪ್ಲಗ್‌ಗಳನ್ನು ತಿರುಗಿಸಿದ್ದರು. ಒಣಗಿದ್ದಾಗ ನೀಲಿಯಾಗಿರಬೇಕಾದ ಹರಳುಗಳು ನಾಲ್ಕರಲ್ಲೂ ಗುಲಾಬಿಗೆ ತಿರುಗಿದ್ದವು. ಮಾಲೀಕರು ಸಜ್ಜನರು, ಏನನ್ನೂ ಮುಚ್ಚಿಡಲಿಲ್ಲ. ‘ಸುಮ್ಮನೆ ಬಿಟ್ಟಿಲ್ಲ ಸಾರ್, ಪ್ರತಿ ಭಾನುವಾರ ಪ್ರೊಪೆಲರ್ ಕೈಯಲ್ಲಿ ನಾಲ್ಕು ಸುತ್ತು ತಿರುಗಿಸುತ್ತೇನೆ’ ಎಂದು ಅಭಿಮಾನದಿಂದಲೇ ಹೇಳಿದರು. ನಮಗೆ ಎದೆ ಧಸಕ್ಕೆಂದದ್ದು ಆಗಲೇ. ನಿಂತ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿದರೆ ಎಣ್ಣೆ ಪಂಪು ಮೇಲಿನವರೆಗೆ ಎಣ್ಣೆ ಏರಿಸುವಷ್ಟು ವೇಗ ಬರುವುದಿಲ್ಲ. ಕ್ಯಾಮ್ ಮೇಲೆ ಅಂಟಿಕೊಂಡಿದ್ದ ಅಷ್ಟಿಷ್ಟು ಎಣ್ಣೆಯನ್ನೂ ಟ್ಯಾಪೆಟ್ ಒರೆಸಿ ಹಾಕುತ್ತದೆ. ಅವರ ಒಪ್ಪಿಗೆ ಪಡೆದು ಒಂದು ಸಿಲಿಂಡರ್ ಬಿಚ್ಚಿಸಿದೆವು. ಟಾರ್ಚಿನ ಬೆಳಕಿನಲ್ಲಿ ಕ್ಯಾಮಿನ ಉಬ್ಬಿನ ತುದಿ ಕಂಡಿತು: ಸುತ್ತಲೂ ಕನ್ನಡಿಯಂತೆ ಹೊಳಪು, ನಡುವೆ ಎಳ್ಳು ಚೆಲ್ಲಿದಂತೆ ಕಪ್ಪು ಗುಳಿಗಳು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. 410 ಗಂಟೆಯ ಎಂಜಿನ್ ಅಲ್ಲಿಗೆ ಬರೀ ‘ಕೋರ್’ ಆಗಿತ್ತು, ಅಂದರೆ ಓವರ್‌ಹಾಲ್‌ಗೆ ಕಚ್ಚಾ ಸರಕು.

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಎಣಿಸಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲಷ್ಟೇ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಎಂಜಿನ್‌ಗೂ ಅದೇ ಕ್ರಮ ಒಳ್ಳೆಯದು. ಅದು ಓಡುವ ಸ್ಥಿತಿಯಲ್ಲಿದ್ದರೆ, ಸಾಧ್ಯವಾದರೆ ವಿಮಾನದ ಮೇಲೇ ಇರುವಾಗ, ಬಿಸಿಯಾಗಿರುವಂತೆ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಪಿಸ್ಟನ್ನನ್ನು ಸಂಕೋಚನದ ತುದಿಗೆ ತಂದು, ಚದರ ಇಂಚಿಗೆ 80 ಪೌಂಡ್ ಒತ್ತಡದ ಗಾಳಿ ಬಿಟ್ಟು, ಸಿಲಿಂಡರ್ ಅದರಲ್ಲಿ ಎಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ನೋಡುವ ಪರೀಕ್ಷೆ ಇದು. ಲೈಕಮಿಂಗ್‌ನ ಮಾತಿನಂತೆ 70ಕ್ಕಿಂತ ಮೇಲಿದ್ದರೆ ತೃಪ್ತಿಕರ, 65ಕ್ಕಿಂತ ಕೆಳಗೆ ಸವೆತದ ಸೂಚನೆ, 60ಕ್ಕಿಂತ ಕೆಳಗಿಳಿದರೆ ಆ ಸಿಲಿಂಡರ್ ಬಿಚ್ಚುವ ಯೋಚನೆ ಮಾಡಬೇಕು. ಸಂಖ್ಯೆಗಿಂತ ಹೆಚ್ಚು ಮಾತಾಡುವುದು ಸೋರುವ ಗಾಳಿಯ ಸದ್ದು. ಸುಯ್ ಎಂಬ ಸದ್ದು ಎಕ್ಸಾಸ್ಟ್ ಕೊಳವೆಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರ್ ಬಾಯಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ಎಣ್ಣೆ ತುಂಬುವ ಕೊಳವೆಯಲ್ಲಿ ಕೇಳಿದರೆ ರಿಂಗು ಅಥವಾ ಸಿಲಿಂಡರ್ ಗೋಡೆ. ಪ್ರೊಪೆಲರನ್ನು ಅನುಭವಸ್ಥರೊಬ್ಬರು ಗಟ್ಟಿಯಾಗಿ ಹಿಡಿದಿರಲೇಬೇಕು, ಆ ಗಾಳಿಯ ಒತ್ತಡಕ್ಕೆ ಅದು ತಿರುಗಿ ಬಡಿಯಬಲ್ಲದು. ಬಳಿಕ ಎಣ್ಣೆ ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಬೇಕು. ಅಲ್ಲಿ ಮಿನುಗುವ ಕಣಗಳು ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು, ಅಂದರೆ ಕ್ಯಾಮ್, ಟ್ಯಾಪೆಟ್, ಗೇರುಗಳ ಕಡೆಗೆ ಬೆರಳು. ಆದರೆ ಒಂದು ಮಾತು: ಕಂಪ್ರೆಷನ್ 78 ಬಂದರೂ ಕ್ಯಾಮ್ ಗುಳಿಬಿದ್ದಿರಬಹುದು, ಏಕೆಂದರೆ ಆ ಪರೀಕ್ಷೆ ಕ್ಯಾಮ್ ಬಗ್ಗೆ ಏನನ್ನೂ ಹೇಳುವುದಿಲ್ಲ.

ಲಾಗ್‌ಬುಕ್ ಓದಲು ಒಂದು ಇಡೀ ಸಂಜೆ ಮೀಸಲಿಡಿ. ನಾನು ಮೊದಲು ಪ್ರತಿ ವರ್ಷಕ್ಕೆ ಎಷ್ಟು ಗಂಟೆ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತೇನೆ. ವರ್ಷಕ್ಕೆ 300 ಗಂಟೆಯಂತೆ ಬಿಡುವಿಲ್ಲದೆ ಓಡಿ 1,500 ಮುಟ್ಟಿದ ತರಬೇತಿ ಶಾಲೆಯ ಎಂಜಿನ್ನನ್ನು, ವರ್ಷಕ್ಕೆ 15 ಗಂಟೆಯಂತೆ ಓಡಿ 300 ಮುಟ್ಟಿದ್ದಕ್ಕಿಂತ ನಾನು ಹೆಚ್ಚು ನಂಬುತ್ತೇನೆ. ಆಮೇಲೆ ಪ್ರೊಪೆಲರ್ ಬದಲಿಸಿದ ದಿನಾಂಕಗಳನ್ನು ಹುಡುಕಬೇಕು. ಕಾರಣ ಹೇಳದೆ ಪ್ರೊಪೆಲರ್ ಬದಲಿಸಿ, ಅದೇ ವಾರ ಮುಂದಿನ ಚಕ್ರದ ಕಾಲನ್ನೂ ರಿಪೇರಿ ಮಾಡಿದ್ದರೆ ಆ ವಿಮಾನ ಮೂತಿ ಊರಿದೆ ಎಂದೇ ಲೆಕ್ಕ. ಪ್ರೊಪೆಲರ್ ಏನಕ್ಕಾದರೂ ಬಡಿದರೆ, ಆಗ ಎಂಜಿನ್ ಓಡುತ್ತಿರಲಿಲ್ಲವಾದರೂ, ಒಳಗನ್ನು ಬಿಚ್ಚಿ ಪರೀಕ್ಷಿಸಬೇಕೆಂಬುದು ತಯಾರಕರ ನಿಲುವು. ಅದರಲ್ಲೂ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯ ಗೇರು ಮತ್ತದರ ಬೋಲ್ಟಿನ ತಪಾಸಣೆಯನ್ನು ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2004ರಲ್ಲಿ ಕಡ್ಡಾಯ ಮಾಡಿದೆ. ಆ ಗೇರು ಸಡಿಲಾದರೆ ಪ್ಲಗ್‌ಗಳಿಗೆ ಕಿಡಿ ಕೊಡುವ ಎರಡೂ ಮ್ಯಾಗ್ನೆಟೊ, ಕ್ಯಾಮ್, ಎಣ್ಣೆ ಪಂಪು ಒಟ್ಟಿಗೆ ನಿಲ್ಲುತ್ತವೆ. ಇಂಥ ಕಡ್ಡಾಯ ಆದೇಶಗಳನ್ನು ಎಡಿ ಎನ್ನುತ್ತಾರೆ. ಪೊಳ್ಳು ಕ್ರ್ಯಾಂಕ್‌ಶಾಫ್ಟಿನ ಒಳಮೈಯ ತುಕ್ಕನ್ನು ಪರೀಕ್ಷಿಸುವ 1998ರ ಎಡಿ ಅನೇಕ ಒ-320 ಮತ್ತು ಒ-360ಗಳಿಗೆ ಅನ್ವಯಿಸುತ್ತದೆ. 360 ಸರಣಿಯ ಕೆಲವು ಕ್ರ್ಯಾಂಕ್‌ಶಾಫ್ಟ್‌ಗಳನ್ನು ಉಕ್ಕಿನ ದೋಷದಿಂದಾಗಿ ಬದಲಿಸಲೇಬೇಕಾಗಿದೆ. ಸೀರಿಯಲ್ ಸಂಖ್ಯೆ ಹಿಡಿದು ಇವೆಲ್ಲವನ್ನೂ ಒಂದೊಂದಾಗಿ ತಾಳೆ ನೋಡದೆ ಮುಂಗಡ ಕೊಡಕೂಡದು.

ಎಂಜಿನ್ನಿನ ಪೂರ್ಣ ಹೆಸರನ್ನೂ ಅಕ್ಷರ ಬಿಡದೆ ಓದಬೇಕು. ‘ಒ’ ಎಂದರೆ ಸಿಲಿಂಡರ್‌ಗಳು ಎದುರುಬದುರಾಗಿ ಮಲಗಿವೆ, ‘ಐಒ’ ಎಂದರೆ ಫ್ಯುಯೆಲ್ ಇಂಜೆಕ್ಷನ್ನೂ ಇದೆ, 320 ಎಂದರೆ ಘನ ಇಂಚುಗಳಲ್ಲಿ ಒಳಗಾತ್ರ. ಆಮೇಲಿನ ಅಕ್ಷರಗಳಲ್ಲಿ ಅದನ್ನು ಚೌಕಟ್ಟಿಗೆ ಬಿಗಿಯುವ ಬಗೆ, ಅಲಗುಗಳ ಕೋನ ಬದಲಿಸುವ ಪ್ರೊಪೆಲರ್ ಕೂರುತ್ತದೋ ಇಲ್ಲವೋ ಎಂಬ ವಿವರ ಅಡಗಿರುತ್ತದೆ. ಬಿಗಿಯುವ ಬಗೆ ಡೈನಾಫೋಕಲ್, ಕೋನಿಕಲ್ ಎಂದು ಎರಡುಂಟು: ನಿಮ್ಮ ವಿಮಾನದ ಮೌಂಟ್, ಅಂದರೆ ಎಂಜಿನ್ ಹಿಡಿಯುವ ಚೌಕಟ್ಟು, ಡೈನಾಫೋಕಲ್ ಆಗಿದ್ದು ಎಂಜಿನ್ ಕೋನಿಕಲ್ ಆಗಿದ್ದರೆ ಮೌಂಟನ್ನೇ ಹೊಸದಾಗಿ ಬೆಸೆಯಿಸಬೇಕು. 1970ರ ದಶಕದ ಕೊನೆಯ ಸೆಸ್ನಾಗಳಲ್ಲಿ ಬಂದ ಒ-320-ಎಚ್2ಎಡಿ ಅಗ್ಗಕ್ಕೆ ಸಿಗುತ್ತದೆ. ಕ್ಯಾಮ್ ಮತ್ತು ಟ್ಯಾಪೆಟ್ ಬೇಗ ಹಾಳಾಗುವ ಕೆಟ್ಟ ಹೆಸರು ಅದಕ್ಕೆ ಅಂಟಿದ್ದು ಸುಮ್ಮನೆ ಅಲ್ಲ. ಎರಡು ಮ್ಯಾಗ್ನೆಟೊಗಳನ್ನು ಒಂದೇ ಗೂಡಿನಲ್ಲಿಟ್ಟು ಒಂದೇ ಗೇರಿನಿಂದ ತಿರುಗಿಸುವ ಅದರ ವ್ಯವಸ್ಥೆಯೂ ನನಗೆ ಸೇರುವುದಿಲ್ಲ.

ರೋಟಾಕ್ಸ್ 912ರ ಕಥೆ ಬೇರೆ. ಅದು ನಿಮಿಷಕ್ಕೆ 5,800 ಸುತ್ತಿನವರೆಗೆ ತಿರುಗಿ, ಗೇರ್‌ಬಾಕ್ಸ್ ಮೂಲಕ ಪ್ರೊಪೆಲರ್ ವೇಗ ಇಳಿಸುವ ಎಂಜಿನ್. ಸಿಲಿಂಡರ್ ತಲೆಗಳಿಗೆ ನೀರಿನ ತಂಪು, ಆದ್ದರಿಂದ ರಬ್ಬರ್ ಕೊಳವೆಗಳು ಜಾಸ್ತಿ. ರಬ್ಬರ್ ಭಾಗಗಳನ್ನೆಲ್ಲ ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ತಯಾರಕರ ನಿಯಮ. ಕಾಗದದ ಮೇಲೆ 200 ಗಂಟೆ ಓಡಿದ, ಏಳು ವರ್ಷದ ಹಳೆಯ ರಬ್ಬರ್ ಇರುವ 912ರ ಬೆಲೆಯಿಂದ ಆ ಖರ್ಚನ್ನು ಮೊದಲೇ ಕಳೆಯಿರಿ. ಏನು ಕುಡಿಸಿದ್ದರು ಎಂದೂ ಕೇಳಿ. ಸೀಸವಿರುವ ವಿಮಾನದ ಪೆಟ್ರೋಲ್, ಅಂದರೆ ಏವ್‌ಗ್ಯಾಸ್, ಹೆಚ್ಚಾಗಿ ಬಳಸಿದ್ದರೆ ಎಣ್ಣೆಯನ್ನು 25 ಗಂಟೆಗೊಮ್ಮೆ ಬದಲಿಸಿದ ದಾಖಲೆ ಇರಬೇಕು. ಪೆಟ್ರೋಲಿನಲ್ಲಿ ರೋಟಾಕ್ಸ್ ಒಪ್ಪಿರುವುದು 10% ಎಥನಾಲ್‌ವರೆಗೆ, ನಮ್ಮ ಬಂಕುಗಳಲ್ಲಿ ಈಗ ಸಾಮಾನ್ಯವಾಗಿ ಸಿಗುವುದು 20% ಬೆರಸಿದ್ದು. ಏವ್‌ಗ್ಯಾಸ್ ಹಿಂದೆ ಪೂರ್ತಿ ಆಮದಾಗುತ್ತಿತ್ತು. 2022ರಿಂದ ಇಂಡಿಯನ್ ಆಯಿಲ್ ವಡೋದರದ ರಿಫೈನರಿಯಲ್ಲಿ 100 ಎಲ್‌ಎಲ್ ಎಂಬ ಏವ್‌ಗ್ಯಾಸ್ ತಯಾರಿಸುತ್ತಿದೆ. 8.5:1 ಸಂಕೋಚನ ಅನುಪಾತದ 160 ಅಶ್ವಶಕ್ತಿಯ ಒ-320ಗೆ ಬೇಕಾದದ್ದು ಅದೇ.

ಬೆಲೆ ಹೇಗೆ ಕಟ್ಟುವುದು? ನನ್ನ ಲೆಕ್ಕ ಸರಳ. ಅದೇ ಮಾದರಿಯ, ಈಗಷ್ಟೇ ಓವರ್‌ಹಾಲ್ ಆದ ಎಂಜಿನ್‌ನ ಬೆಲೆಯಿಂದ ಓವರ್‌ಹಾಲ್‌ನ ಪೂರ್ಣ ಖರ್ಚು ಕಳೆದರೆ ಉಳಿಯುವುದು ಕೋರ್ ಬೆಲೆ. ದಾಖಲೆಯಿಲ್ಲದ, ವರ್ಷಗಟ್ಟಲೆ ನಿಂತ ಎಂಜಿನ್‌ಗೆ ಅದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬಾರದು. ಗಂಟೆ ಎಷ್ಟೇ ಕಡಿಮೆಯಿರಲಿ. ಉಳಿದ ಗಂಟೆಗಳಿಗೆ ಬೆಲೆ ಕಟ್ಟುವುದು ಅವು ನಿಜಕ್ಕೂ ಉಳಿದಿವೆ ಎಂದು ಕ್ಯಾಮ್ ನೋಡಿ ಖಾತ್ರಿಯಾದ ಮೇಲೆ.

ಕಾಗದಪತ್ರದ ವಿಚಾರದಲ್ಲಿ ಅಮೆರಿಕದವರಿಗೆ ಇರುವ ಸಡಿಲ ನಮಗಿಲ್ಲ. ಹವ್ಯಾಸಕ್ಕೆ ಕಟ್ಟಿದ ವಿಮಾನವೂ ಇಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ನೋಂದಣಿ ಮತ್ತು ಹಾರಾಟದ ಅನುಮತಿಯಿಲ್ಲದೆ ನೆಲ ಬಿಡುವಂತಿಲ್ಲ. ಆದ್ದರಿಂದ ಮಾದರಿ, ಸೀರಿಯಲ್ ಸಂಖ್ಯೆ, ಓವರ್‌ಹಾಲ್ ಮಾಡಿದ ಸಂಸ್ಥೆಯ ಪ್ರಮಾಣಪತ್ರ ಇವುಗಳ ಪ್ರತಿಯನ್ನು ಮುಂದಿಟ್ಟು, ಈ ಎಂಜಿನ್ ಒಪ್ಪಿತವೇ ಎಂದು ಹಣ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು. ಅಮೆರಿಕದಿಂದ ಬರುವುದಕ್ಕೆ ಎಫ್‌ಎಎಯ 8130-3, ಯುರೋಪಿನಿಂದ ಬರುವುದಕ್ಕೆ ಅಲ್ಲಿನ ನಿಯಂತ್ರಕ ಈಯಾಸಾದ ಫಾರ್ಮ್ 1 ಎಂಬ ಬಳಕೆಯೋಗ್ಯತೆಯ ಪತ್ರ ಇದ್ದರೆ ಮಾತು ಸುಲಭವಾಗುತ್ತದೆ. ಎಂಜಿನ್ ಮೇಲಿನ ಡೇಟಾ ಪ್ಲೇಟ್ ಕಿತ್ತುಹೋಗಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಕಸ್ಟಮ್ಸ್‌ನಲ್ಲಿ ವಿಮಾನದ ಪಿಸ್ಟನ್ ಎಂಜಿನ್ 8407 10 ಶೀರ್ಷಿಕೆಯಡಿ ಬರುತ್ತದೆ. ಬಳಸಿದ ಸಾಮಾನಿನ ಆಮದಿಗೆ ಪ್ರತ್ಯೇಕ ಷರತ್ತುಗಳು ಇರಬಹುದಾದ್ದರಿಂದ ಒಬ್ಬ ಅನುಭವಿ ಕಸ್ಟಮ್ಸ್ ಏಜೆಂಟರ ಶುಲ್ಕ ದಂಡವಲ್ಲ. ಇಂಧನ, ಎಣ್ಣೆ ಪೂರ್ತಿ ಬಸಿದಿದೆ ಎಂಬ ಪತ್ರ, ಮರಕ್ಕೆ ಕೀಟನಿವಾರಣೆ ಆಗಿದೆ ಎನ್ನುವ ಐಎಸ್‌ಪಿಎಂ 15 ಮುದ್ರೆ ಮರದ ಪೆಟ್ಟಿಗೆಯ ಮೇಲೆ ಇವೆರಡನ್ನು ಮಾರುವವರು ಮರೆಯದಂತೆ ನೋಡಿಕೊಳ್ಳಿ.

ಕೊನೆಯದಾಗಿ, ಯಾವಾಗ ಕೊಳ್ಳಬೇಕು ಎಂಬುದು. ಒಳ್ಳೆಯ ಎಂಜಿನ್ ಸಿಕ್ಕಿತೆಂದು ರೆಕ್ಕೆಯ ಮೊದಲ ರಿವೆಟ್ ಹೊಡೆಯುವ ಮೊದಲೇ ತಂದಿಟ್ಟುಕೊಳ್ಳುವವರಿದ್ದಾರೆ. ಮುಂಬೈನ ಅಮೋಲ್ ಯಾದವ್ ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ 2017ರಲ್ಲಿ ನೋಂದಣಿ ದೊರೆತ ಮೇಲೂ ಹಾರಾಟದ ಅನುಮತಿಗೆ 2019ರವರೆಗೆ ಕಾಯಬೇಕಾಯಿತು. ಕಟ್ಟಲು ಹಿಡಿಯುವ ವರ್ಷಗಳು ಇದಕ್ಕೆ ಹೊರತು. ಅಷ್ಟು ಕಾಲ ಎಂಜಿನ್ ನಿಮ್ಮ ಗ್ಯಾರೇಜಿನಲ್ಲಿ ನಿಂತರೆ ನೀವೇ ಆ ಶೆಡ್ಡಿನ ಮಾಲೀಕರಾಗುತ್ತೀರಿ. ಚೌಕಟ್ಟು ಮುಗಿದು, ಮೌಂಟ್ ಕೂರಿಸುವ ಹಂತ ಬರುವವರೆಗೆ ತಡೆಯಬಹುದಾದರೆ ತಡೆಯಿರಿ. ತಡೆಯಲಾಗದೆ ತಂದಿದ್ದರೆ, ಹಳೆಯ ಎಣ್ಣೆ ಬಸಿದು ಸಂರಕ್ಷಕ ಎಣ್ಣೆ ತುಂಬಿಸಿ, ಸಿಲಿಂಡರ್‌ಗಳೊಳಗೂ ಅದನ್ನು ಸಿಂಪಡಿಸಿ, ಎಕ್ಸಾಸ್ಟ್, ಇನ್‌ಟೇಕ್, ಉಸಿರುಗೊಳವೆ ಎಲ್ಲವನ್ನೂ ಮುಚ್ಚಿ, ಸ್ಪಾರ್ಕ್ ಪ್ಲಗ್ ಜಾಗದಲ್ಲಿ ಹರಳಿನ ಪ್ಲಗ್‌ಗಳನ್ನು ಹಾಕಿ, ‘ತಿರುಗಿಸಬೇಡಿ’ ಎಂದು ಕನ್ನಡದಲ್ಲೇ ಬರೆದ ಚೀಟಿಯನ್ನು ಪ್ರೊಪೆಲರ್ ಫ್ಲಾಂಜಿಗೆ ಕಟ್ಟಿಬಿಡಿ. ಮನೆಗೆ ಬಂದ ನೆಂಟರ ಮಕ್ಕಳಿಂದ ಹಿಡಿದು ನಮ್ಮ ಕೈಯವರೆಗೆ ಎಲ್ಲರಿಗೂ ಅದನ್ನು ತಿರುಗಿಸುವ ಆಸೆಯೇ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ ಹರಳಿನ ಬಣ್ಣ ನೋಡಿ. ಗುಲಾಬಿಗೆ ತಿರುಗಿದ್ದರೆ ಪ್ಲಗ್ಗಿನಿಂದ ಹರಳುಗಳನ್ನು ಸುರಿದು ಓವನ್ನಿನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಣಗಿಸಿ, ಮತ್ತೆ ನೀಲಿಯಾದ ಮೇಲೆ ಅಲ್ಲೇ ತುಂಬಿ ಬಿಗಿದರೆ ಆಯಿತು. ಅಡುಗೆಯ ಓವನ್ ಬಳಸಬೇಡಿ, ಆ ನೀಲಿ ಬಣ್ಣ ಸಾಮಾನ್ಯವಾಗಿ ಕೋಬಾಲ್ಟ್ ಲವಣದ್ದು.